ಅಜ್ಜಿಯ ಎಕ್ಸ್‌ರೇ ಮತ್ತು ಮಡಿಸಬಾರದ ಏಪ್ರನ್

ದೀಪಾವಳಿ ರಜೆಗೆ ನಾವು ಮೂವರು ರೂಮ್‌ಮೇಟ್‌ಗಳು ಹಿರೇಕೆರೂರಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಊರು ಅದು. ಹೋದ ಮರುದಿನವೇ ಅವನ ಅಜ್ಜಿ ಅಂಗಳದಲ್ಲಿ ಜಾರಿ ಬಿದ್ದರು. ಸೊಂಟದ ಎಕ್ಸ್‌ರೇ ತೆಗೆಸಬೇಕಾಯ್ತು. ಯಂತ್ರ ನೋಡಿ ಹೆದರಿದ ಅಜ್ಜಿ ಮೊಮ್ಮಗನ ಕೈ ಬಿಡಲೇ ಇಲ್ಲ. ಟೆಕ್ನಿಷಿಯನ್ ಅವನಿಗೊಂದು ಸೀಸದ ಏಪ್ರನ್ ಹಾಕಿ ಪಕ್ಕಕ್ಕೆ ನಿಲ್ಲಿಸಿ, ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು.

ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ. ಖುಷಿಯಲ್ಲಿ ನಾವು ಆ ಏಪ್ರನ್ನನ್ನು ಶಾಲಿನ ಹಾಗೆ ನಾಲ್ಕು ಮಡಿಕೆ ಮಡಿಸಿ ಕುರ್ಚಿ ಮೇಲೆ ಇಟ್ವಿ. "ಏ ತಮ್ಮಾ, ಅದನ್ನ ಮಡಿಸಬ್ಯಾಡ್ರಪಾ! ಹ್ಯಾಂಗರ್‌ಗೆ ಹಾಕ್ರಿ" ಅಂತ ಟೆಕ್ನಿಷಿಯನ್ ಜೋರು ಮಾಡಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಚರ್ಚೆ ಶುರುವಾಯ್ತು. ನಮ್ಮ ಮೆಕ್ಯಾನಿಕಲ್ ಗೆಳೆಯ ಕೇಳಿದ: "ಮುಂದೆ ಸೈಟಲ್ಲಿ ವೆಲ್ಡಿಂಗ್ ಚೆಕ್ ಮಾಡೋಕೆ ಗಾಮಾ ರೇಡಿಯೋಗ್ರಫಿ ಇರುತ್ತಲ್ಲ, ಅಲ್ಲೂ ಇದೇ ಏಪ್ರನ್ ಹಾಕ್ಕೊಂಡ್ರೆ ಸಾಕಲ್ವಾ? ಸೀಸ ಅಂದ್ರೆ ಸೀಸ ತಾನೆ?" ನಮಗೂ ಹಾಗೇ ಅನ್ನಿಸಿತ್ತು. ಹಾಸ್ಟೆಲ್‌ಗೆ ಬಂದು ಲೆಕ್ಕ ಹಾಕಿದ ಮೇಲೆ ಗೊತ್ತಾಯ್ತು, ಆ ನಂಬಿಕೆಯಿಂದ ಜೀವಕ್ಕೇ ಕುತ್ತು ಬರಬಹುದು ಅಂತ.

ಮೊದಲು ಸುಲಭದವು

ಆಲ್ಫಾ ಕಣ ಅಂದರೆ ಹೀಲಿಯಂ ನ್ಯೂಕ್ಲಿಯಸ್. ಭಾರ ಜಾಸ್ತಿ, ಚಾರ್ಜ್ ಎರಡು. ಹೋದಲ್ಲೆಲ್ಲ ಎಲೆಕ್ಟ್ರಾನ್‌ಗಳನ್ನು ಕಿತ್ತುತ್ತಾ ಬೇಗ ಸುಸ್ತಾಗುತ್ತದೆ. ಕೆಲವು ಸೆಂಟಿಮೀಟರ್ ಗಾಳಿ, ಇಲ್ಲವೇ ನಮ್ಮ ಲ್ಯಾಬ್ ರೆಕಾರ್ಡಿನ ಒಂದು ಹಾಳೆ ಸಾಕು ಅದನ್ನು ತಡೆಯೋಕೆ. ಚರ್ಮದ ಮೇಲಿನ ಸತ್ತ ಪದರವೂ ಸಾಕು. ಆದರೆ ಆಲ್ಫಾ ಸೂಸುವ ಧೂಳು ಉಸಿರಿನ ಜೊತೆ ಒಳಗೆ ಹೋದರೆ ಅಲ್ಲಿ ತಡೆಯೋಕೆ ಯಾವ ಹಾಳೆಯೂ ಇಲ್ಲ. ಅದರ ಶಕ್ತಿಯೆಲ್ಲ ಜೀವಕೋಶಗಳ ಮೇಲೇ ಬೀಳುತ್ತದೆ.

ಬೀಟಾ ಕಣ ಅಂದರೆ ವೇಗದ ಎಲೆಕ್ಟ್ರಾನ್. ಇದಕ್ಕೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ಅಥವಾ ಒಂದು ಸೆಂಟಿಮೀಟರ್ ಅಕ್ರಿಲಿಕ್ ಬೇಕು. ಜೀವವಿಜ್ಞಾನದ ಲ್ಯಾಬ್‌ಗಳಲ್ಲಿ ಫಾಸ್ಫರಸ್-32 ಬಳಸುವವರು ಅಕ್ರಿಲಿಕ್ ಪರದೆಯ ಹಿಂದೆ ಕೂರುವುದು ಇದಕ್ಕೇ. ಸೀಸ ಯಾಕಿಲ್ಲ? ವೇಗದ ಎಲೆಕ್ಟ್ರಾನ್ ಭಾರವಾದ ನ್ಯೂಕ್ಲಿಯಸ್ ಹತ್ತಿರ ತಟ್ಟನೆ ಬ್ರೇಕ್ ಹಾಕಿದರೆ ಎಕ್ಸ್‌ರೇ ಹುಟ್ಟುತ್ತದೆ. ಎಕ್ಸ್‌ರೇ ಟ್ಯೂಬ್ ಕೆಲಸ ಮಾಡುವುದೂ ಹೀಗೇ. ಅಂದರೆ ಬೀಟಾಗೆ ಮೊದಲ ಪದರವಾಗಿ ಸೀಸ ಇಟ್ಟರೆ ತಡೆಯೋಕೆ ಹೋಗಿ ಹೊಸ ಎಕ್ಸ್‌ರೇ ಹುಟ್ಟಿಸಿದ ಹಾಗಾಯ್ತು. ಮೊದಲು ಪ್ಲಾಸ್ಟಿಕ್, ಬೇಕಾದರೆ ಅದರ ಹಿಂದೆ ಸೀಸ. ಇಲ್ಲಿ ಪದರಗಳ ಕ್ರಮವೂ ಮುಖ್ಯ.

ಎಕ್ಸ್‌ರೇ ಕೋಣೆಯ ಗೋಡೆ

ಎಕ್ಸ್‌ರೇ ಕೋಣೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ. ಅದರ ಲೆಕ್ಕದಲ್ಲಿ ಬಾಗಿಲು, ಕಿಟಕಿಗಳ ಬಳಿ 23 ಸೆಂಟಿಮೀಟರ್ ಇಟ್ಟಿಗೆ ಅಥವಾ 1.7 ಮಿಲಿಮೀಟರ್ ಸೀಸದಷ್ಟು ತಡೆ ಇರಬೇಕು. ಭಾಗಿಸಿ ನೋಡಿ: ಇಟ್ಟಿಗೆ ಸೀಸಕ್ಕಿಂತ ಸುಮಾರು 135 ಪಟ್ಟು ದಪ್ಪ! ಆದರೆ ಸೀಸದ ಸಾಂದ್ರತೆ ಇಟ್ಟಿಗೆಗಿಂತ ಆರೇಳು ಪಟ್ಟು ಮಾತ್ರ ಜಾಸ್ತಿ. ಉಳಿದ ಲಾಭ ಎಲ್ಲಿಂದ ಬಂತು?

ಇದು ಫೋಟೋಎಲೆಕ್ಟ್ರಿಕ್ ಪರಿಣಾಮದ ಕೆಲಸ. ಎಕ್ಸ್‌ರೇ ಫೋಟಾನ್‌ನ ಶಕ್ತಿ ಕೆಲವು ಹತ್ತು ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಳು. ಈ ಮಟ್ಟದಲ್ಲಿ ಪರಮಾಣುವಿನ ಒಳಸುತ್ತಿನ ಎಲೆಕ್ಟ್ರಾನ್ ಇಡೀ ಫೋಟಾನನ್ನೇ ನುಂಗಿಬಿಡುತ್ತದೆ. ಈ ನುಂಗುವ ಸಾಧ್ಯತೆ ಪರಮಾಣು ಸಂಖ್ಯೆಯ ಮೂರು-ನಾಲ್ಕನೇ ಘಾತದ ಹಾಗೆ ಏರುತ್ತದೆ. ಸೀಸದ ಪರಮಾಣು ಸಂಖ್ಯೆ 82. ಇಟ್ಟಿಗೆಯಲ್ಲಿರುವ ಸಿಲಿಕಾನ್‌ದು 14, ಆಕ್ಸಿಜನ್‌ದು 8. ಹಾಗಾಗಿಯೇ ಅರ್ಧ ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್, ರೋಗಿಯ ದೇಹಕ್ಕೆ ತಾಗಿ ಚದುರಿ ಬರುವ ಎಕ್ಸ್‌ರೇಯ ಬಹುಪಾಲನ್ನು ತಡೆಯುತ್ತದೆ. ಗಮನಿಸಿ, ಚದುರಿ ಬರುವ ಕಿರಣವನ್ನು ಮಾತ್ರ. ನೇರ ಕಿರಣದ ದಾರಿಯಲ್ಲಿ ನಿಲ್ಲೋಕೆ ಏಪ್ರನ್ ಪರ್ಮಿಟ್ ಅಲ್ಲ.

ಗಾಮಾ ಬಂದಾಗ

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಸೈಟುಗಳಲ್ಲಿ ಇರಿಡಿಯಂ-192, ದಪ್ಪ ಲೋಹವಿದ್ದರೆ ಕೋಬಾಲ್ಟ್-60 ಬಳಸುತ್ತಾರೆ. ಕೋಬಾಲ್ಟ್‌ನ ಗಾಮಾ ಫೋಟಾನ್‌ಗಳ ಶಕ್ತಿ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್. ಈ ಶಕ್ತಿಯಲ್ಲಿ ಪರಮಾಣು ಅದನ್ನು ನುಂಗುವುದು ಅಪರೂಪ. ಫೋಟಾನ್ ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆದು ಚದುರುತ್ತದೆ, ಅದೇ ಕಾಂಪ್ಟನ್ ಚದುರುವಿಕೆ. ಇದಕ್ಕೆ ಬೇಕಾದ್ದು ಎಲೆಕ್ಟ್ರಾನ್‌ಗಳ ಸಂಖ್ಯೆ. ಅಂದರೆ ಹೆಚ್ಚುಕಮ್ಮಿ ಬರೀ ತೂಕ.

ಕಿರಣವನ್ನು ಅರ್ಧಕ್ಕೆ ಇಳಿಸುವ ದಪ್ಪವನ್ನು 'ಅರ್ಧ ಪದರ' ಅನ್ನೋಣ. ಕೋಬಾಲ್ಟ್-60ಕ್ಕೆ ಸೀಸದ ಅರ್ಧ ಪದರ ಸುಮಾರು 12 ಮಿಲಿಮೀಟರ್, ಕಾಂಕ್ರೀಟ್‌ದು ಸುಮಾರು 6 ಸೆಂಟಿಮೀಟರ್. ಐದು ಪಟ್ಟು ಅಷ್ಟೇ, ಸಾಂದ್ರತೆಯ ವ್ಯತ್ಯಾಸವೂ ಸುಮಾರು ಐದು ಪಟ್ಟೇ. 135 ಪಟ್ಟಿನ ಜಾದೂ ಇಲ್ಲಿ ಮಾಯ.

ನಮ್ಮ ಏಪ್ರನ್ ಅರ್ಧ ಮಿಲಿಮೀಟರ್. ಅಂದರೆ ಒಂದು ಅರ್ಧ ಪದರದ 24ನೇ ಒಂದು ಭಾಗ. ಲೆಕ್ಕ ಹಾಕಿದರೆ ಅದು ತಡೆಯುವುದು ಶೇಕಡಾ 3ರಷ್ಟು. ಉಳಿದ 97 ಮೈಯೊಳಗೆ! ಏಪ್ರನ್ ಹಾಕಿದ್ದೀನಿ ಅನ್ನೋ ಧೈರ್ಯದಲ್ಲಿ ಸೋರ್ಸ್ ಹತ್ತಿರ ಹೋದವನಿಗೆ ಅದು ಅಂಗಿಗಿಂತ ಹೆಚ್ಚೇನಲ್ಲ. ಅಲ್ಲಿ ಕಾಪಾಡುವುದು ದೂರ ಮತ್ತು ಸಮಯ. ದೂರ ಎರಡು ಪಟ್ಟಾದರೆ ಡೋಸ್ ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಹತ್ತು ಅರ್ಧ ಪದರ ಇಟ್ಟರೆ, ಅಂದರೆ 12 ಸೆಂಟಿಮೀಟರ್ ಸೀಸ ಅಥವಾ 60 ಸೆಂಟಿಮೀಟರ್ ಕಾಂಕ್ರೀಟ್ ಇಟ್ಟರೆ, ಕಿರಣ 1024ರಲ್ಲಿ ಒಂದು ಪಾಲಾಗುತ್ತದೆ. ಸೋರ್ಸ್‌ಗಳನ್ನು ದಪ್ಪ ಸೀಸದ ಡಬ್ಬಿಯಲ್ಲಿ ಇಡುವುದು ಅದಕ್ಕೇ. ಆ ಡಬ್ಬಿ ಕಳಚಿದರೆ ಏನಾಗುತ್ತದೆ ಅಂತ 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗೊತ್ತಾಯ್ತು. ಗುಜರಿಗೆ ಬಂದಿದ್ದ ಹಳೆಯ ಯಂತ್ರವೊಂದನ್ನು ಬಿಚ್ಚಿದಾಗ ಒಳಗಿದ್ದ ಕೋಬಾಲ್ಟ್-60 ಹೊರಬಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಹೋದರು.

ಸೀಸಕ್ಕೂ ಬಗ್ಗದ ನ್ಯೂಟ್ರಾನ್

ನ್ಯೂಟ್ರಾನ್‌ಗೆ ಚಾರ್ಜೇ ಇಲ್ಲ, ಎಲೆಕ್ಟ್ರಾನ್‌ಗಳ ಗೊಡವೆಯೇ ಅದಕ್ಕಿಲ್ಲ. ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆದರೆ ಮಾತ್ರ ನಿಧಾನವಾಗುತ್ತದೆ. ಗೋಲಿ ಆಟ ನೆನಪಿಸಿಕೊಳ್ಳಿ. ಗೋಲಿ ಇನ್ನೊಂದು ಗೋಲಿಗೆ ಹೊಡೆದರೆ ತನ್ನ ವೇಗವನ್ನೆಲ್ಲ ಅದಕ್ಕೆ ಕೊಟ್ಟು ನಿಲ್ಲುತ್ತದೆ. ರುಬ್ಬುವ ಗುಂಡಿಗೆ ಹೊಡೆದರೆ ಪುಟಿದು ವಾಪಸ್ ಬರುತ್ತದೆ. ಸೀಸದ ನ್ಯೂಕ್ಲಿಯಸ್ ರುಬ್ಬುವ ಗುಂಡು. ಹೈಡ್ರೋಜನ್ ಸರಿಸಮ ಗೋಲಿ. ಆದ್ದರಿಂದ ಇಲ್ಲಿ ನೀರು, ಮೇಣ, ಪಾಲಿಥೀನ್‌ಗಳೇ ಗಟ್ಟಿಗರು. ವೇಗದ ನ್ಯೂಟ್ರಾನ್ ಹೈಡ್ರೋಜನ್‌ಗೆ ಸುಮಾರು 18 ಸಲ ಡಿಕ್ಕಿ ಹೊಡೆದರೆ ಸಾಕು, ತಣ್ಣಗಾಗುತ್ತದೆ. ಆಮೇಲೆ ಬೋರಾನ್ ಅಥವಾ ಕ್ಯಾಡ್ಮಿಯಂ ಅದನ್ನು ನುಂಗುತ್ತದೆ.

ಇದಕ್ಕೆ ಉದಾಹರಣೆ ನಮ್ಮ ಹಾವೇರಿ ಜಿಲ್ಲೆಯ ಪಕ್ಕದಲ್ಲೇ ಇದೆ, ಉತ್ತರ ಕನ್ನಡದ ಕೈಗಾದಲ್ಲಿ. ಕಾಳಿ ನದಿಯ ದಂಡೆಯ ಈ ಸ್ಥಾವರದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ರಿಯಾಕ್ಟರ್ ಪಾತ್ರೆಯ ಸುತ್ತ ನೀರು ತುಂಬಿದ ಕೋಣೆ, ಅದರಾಚೆ ದಪ್ಪ ಕಾಂಕ್ರೀಟ್. ಪಾತ್ರೆಯ ಎರಡು ತುದಿಗಳ ತಡೆಯಲ್ಲಿ ಉಕ್ಕಿನ ಗುಂಡುಗಳೂ ನೀರೂ ಒಟ್ಟಿಗೇ ಇವೆ. ನೀರು ನ್ಯೂಟ್ರಾನ್‌ಗೆ, ಉಕ್ಕು ಗಾಮಾಗೆ. ಕಾಂಕ್ರೀಟ್‌ನಲ್ಲಿ ತೂಕವೂ ಇದೆ, ಒಳಗೆ ಉಳಿದ ನೀರಿನ ಹೈಡ್ರೋಜನ್ನೂ ಇದೆ, ಹಾಗಾಗಿ ಅದು ಎರಡಕ್ಕೂ ಆಗುತ್ತದೆ.

ಅಂದಮೇಲೆ "ಎಷ್ಟು ದಪ್ಪ?" ಅಂತ ಕೇಳುವ ಮೊದಲು "ಯಾವ ವಿಕಿರಣ, ಎಷ್ಟು ಶಕ್ತಿ?" ಅಂತ ಕೇಳಬೇಕು. ಇಂಟರ್ನ್‌ಶಿಪ್‌ಗೆ ಹೋಗುವ ಗೆಳೆಯರು ಇದನ್ನು ಮರೆಯಬೇಡಿ. ಸೈಟಲ್ಲಿ ವಿಕಿರಣದ ಬೋರ್ಡು, ಹಗ್ಗ ಕಂಡರೆ ಆಚೆಯೇ ನಿಲ್ಲಿ.

ಹಾಂ, ಏಪ್ರನ್ ಯಾಕೆ ಮಡಿಸಬಾರದು? ಅದು ಸೀಸದ ಪುಡಿಯನ್ನು ರಬ್ಬರ್ ಅಥವಾ ವಿನೈಲ್‌ನಲ್ಲಿ ಬೆರೆಸಿ ಮಾಡಿದ ಹಾಳೆ. ಮಡಿಸಿದ ಗೆರೆಯಲ್ಲಿ ಒಳಗೇ ಬಿರುಕು ಬಿಡುತ್ತದೆ, ಮೇಲಿನ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ಹಿರೇಕೆರೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಊರ ಹೆಸರಲ್ಲೇ ಹಿರಿಯ ಕೆರೆಯಿದೆ. ಏರಿ ಎಷ್ಟು ದಪ್ಪ ಇದ್ದರೇನು, ನೀರು ಬಿರುಕು ಹುಡುಕಿಕೊಂಡೇ ಬರುತ್ತದೆ. ನಾವು ಅವತ್ತು ಹಾಕಿದ ನಾಲ್ಕು ಮಡಿಕೆ, ನಾಳೆ ಇನ್ನೊಬ್ಬ ಅಜ್ಜಿಯ ಕೈ ಹಿಡಿದು ನಿಲ್ಲುವ ಮೊಮ್ಮಗನಿಗೆ ತೊಂದರೆ ಕೊಡಬಹುದಿತ್ತು. ಟೆಕ್ನಿಷಿಯನ್ ಬೈದದ್ದು ಅವನ ಪರವಾಗಿ.

ಅಜ್ಜಿ ಈಗ ಕೋಲು ಹಿಡಿದು ಓಡಾಡ್ತಿದ್ದಾರೆ.