ರಾಜ್ಯ ಕೈತಪ್ಪುವ ಬಗೆ: ವಕ್ಕಲೇರಿ ತಾಮ್ರಪಟದ ಸಾಕ್ಷ್ಯ

ಒಂದು ಪ್ರದೇಶ ತನ್ನನ್ನಾಳುವ ಪ್ರಭುತ್ವದಿಂದ ಬೇರ್ಪಡುವುದು ಒಂದೇ ಯುದ್ಧದಲ್ಲಿ ಎಂಬುದು ಸಾಮಾನ್ಯ ನಂಬಿಕೆ. ಕೋಲಾರ ಜಿಲ್ಲೆಯ ವಕ್ಕಲೇರಿಯಲ್ಲಿ ದೊರೆತ ಸಂಸ್ಕೃತ ತಾಮ್ರಪಟಗಳು ಬೇರೆಯದೇ ಚಿತ್ರ ನೀಡುತ್ತವೆ.

ಬಾದಾಮಿ ಚಾಲುಕ್ಯರ ಕೊನೆಯ ದೊರೆ ಎರಡನೆಯ ಕೀರ್ತಿವರ್ಮನು ತನ್ನ ಆಳ್ವಿಕೆಯ 11ನೇ ವರ್ಷ, ಶಕ 679ರಲ್ಲಿ, ಎಂದರೆ ಕ್ರಿ.ಶ. 757ರಲ್ಲಿ ಹೊರಡಿಸಿದ ದಾನಶಾಸನವಿದು. ಭೀಮಾ ನದಿಯ ಉತ್ತರ ದಡದಲ್ಲಿ ಬೀಡುಬಿಟ್ಟಿದ್ದ ದೊರೆ ಹಾನಗಲ್ ಸೀಮೆಯ ಸುಳ್ಳಿಯೂರನ್ನು ಬ್ರಾಹ್ಮಣನೊಬ್ಬನಿಗೆ ದತ್ತಿಯಾಗಿ ಕೊಟ್ಟಿದ್ದಾನೆ. ಹಾನಗಲ್ಲಿನ ಊರಿನ ಪತ್ರ ಕೋಲಾರದಲ್ಲಿ ಸಿಕ್ಕಿದ್ದರಲ್ಲಿ ಅಚ್ಚರಿಯೇನಿಲ್ಲ. ತಾಮ್ರಪಟಗಳು ಹಕ್ಕುದಾರರ ವಂಶದೊಡನೆ ಊರೂರು ಸುತ್ತುವುದುಂಟು. ಪುಲಿಕೇಶಿಯು ಹರ್ಷನನ್ನು ಸೋಲಿಸಿದ್ದು, ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದೂ ಹಾಳುಗೆಡವದೆ ಅಲ್ಲಿನ ದೇವಾಲಯದ ಹೊನ್ನನ್ನು ಮರಳಿಸಿದ್ದು ಎಲ್ಲವೂ ಇದರಲ್ಲಿವೆ. ಓದಿದವರಿಗೆ ಸಾಮ್ರಾಜ್ಯ ಅಭಂಗವಾಗಿದೆಯೆಂದೇ ತೋರುತ್ತದೆ.

ಆದರೆ ಅದಾಗಲೇ ಶಕ 675ರ ಸಾಮನಗಡ ತಾಮ್ರಪಟದಲ್ಲಿ ರಾಷ್ಟ್ರಕೂಟ ದಂತಿದುರ್ಗನು, ಹರ್ಷನನ್ನು ಗೆದ್ದ ಅದೇ ಕರ್ನಾಟಕ ಸೇನೆಯನ್ನು ಕೆಲವೇ ಮಂದಿಯೊಡನೆ ಸೋಲಿಸಿದೆನೆಂದು ಘೋಷಿಸಿದ್ದನು. ಆತ ಚಾಲುಕ್ಯರ ಸಾಮಂತ ಮನೆತನದವನು. ಇಲ್ಲಿಯೇ ಬೇರ್ಪಡುವಿಕೆಯ ಗುಟ್ಟಿರುವುದು. ದೂರದ ಸೀಮೆಯ ಕಂದಾಯ ಹಾಗೂ ಸೇನೆ ಮೊದಲು ಸಾಮಂತನ ಕೈಸೇರುತ್ತವೆ. ಬಳಿಕ ಆತ ಮಹಾರಾಜಾಧಿರಾಜನೆಂಬ ಬಿರುದು ಧರಿಸುತ್ತಾನೆ. ಕೊನೆಗೆ ಒಡೆಯನ ಹೆಸರೆತ್ತದೆಯೇ ಭೂಮಿ ದಾನ ಮಾಡುತ್ತಾನೆ. ಗಡಿಕಲ್ಲಿಗಿಂತ ದಾನಪತ್ರದಲ್ಲಿ ಯಾರ ಹೆಸರಿದೆ ಎಂಬುದೇ ಆ ಕಾಲದ ನಿಜವಾದ ಗಡಿ. ಆದರೂ 757ರಲ್ಲಿ ಕೀರ್ತಿವರ್ಮನು ಭೀಮೆಯಾಚೆ ಬೀಡುಬಿಟ್ಟಿದ್ದನೆಂದರೆ, ಸೋತ ಮೇಲೂ ಆತ ನೆಲ ಬಿಟ್ಟುಕೊಟ್ಟಿರಲಿಲ್ಲ. ದಂತಿದುರ್ಗನ ಚಿಕ್ಕಪ್ಪ ಒಂದನೆಯ ಕೃಷ್ಣನು ಅದನ್ನು ಮುಗಿಸಿದನು. ಕೋಲಾರವನ್ನೊಳಗೊಂಡ ಗಂಗವಾಡಿಯಾದರೂ ತಾನಾಗಿ ಹೊಸ ಒಡೆಯನಿಗೆ ಬಾಗಲಿಲ್ಲ. ಕೃಷ್ಣನು ಗಂಗರೊಡನೆ ಪ್ರತ್ಯೇಕವಾಗಿ ಹೋರಾಡಬೇಕಾಯಿತು.

ಇಂದು ಕಾನೂನಿನ ದಾರಿ ಬೇರೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ್ದು ಸಂಸತ್ತಿನ ಸಾಮಾನ್ಯ ಕಾಯ್ದೆಯಿಂದ. ಅದು ದೇಶದೊಳಗಿನ ಗಡಿ. ದೇಶದ ನೆಲವನ್ನೇ ಪರರಾಷ್ಟ್ರಕ್ಕೆ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿಯೇ ಆಗಬೇಕೆಂದು ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲಿ ಅಭಿಪ್ರಾಯಪಟ್ಟಿತು. ಬಾಂಗ್ಲಾದೇಶದೊಡನೆ ಭೂವಿನಿಮಯವಾದದ್ದೂ 2015ರ 100ನೇ ತಿದ್ದುಪಡಿಯ ಮೂಲಕ.

ಸುಳ್ಳಿಯೂರಿನ ದತ್ತಿದಾರನಿಗೆ ಇಂಥ ರಕ್ಷಣೆಯಿರಲಿಲ್ಲ. ಚಾಲುಕ್ಯರ ದಾನಪತ್ರಗಳ ಕೊನೆಯಲ್ಲಿ ಒಂದು ಕೋರಿಕೆ ಇರುತ್ತಿತ್ತು: ಮುಂದೆ ನಮ್ಮ ವಂಶದವರೇ ಆಳಲಿ, ಬೇರೆಯವರೇ ಆಳಲಿ, ಈ ದಾನವನ್ನು ತಮ್ಮದೆಂದೇ ತಿಳಿದು ಕಾಪಾಡಬೇಕು.