ಚಿಕಿತ್ಸೆಯ ಖರ್ಚು ಯಾರದು? ಹಿರಿಯರಿಗೂ ಮಕ್ಕಳಿಗೂ ರಾಜಿ ಸಂಧಾನದ ದಾರಿ



ನಮ್ಮ ವೈದ್ಯಕೀಯ ನೆರವು ನಿಧಿ ಇರುವುದು ದಿಕ್ಕಿಲ್ಲದವರಿಗೆ, ದುಡಿದೂ ಕೈಗೆ ಸಾಲದವರಿಗೆ. ಆದರೆ ಎರಡು-ಮೂರು ಮಕ್ಕಳಿದ್ದೂ ‘ನಾನೇ ಏಕೆ ಕೊಡಬೇಕು’ ಎಂಬ ಮಾತಿನಲ್ಲಿ ತಾಯಿಯ ಕಣ್ಣಿನ ಪೊರೆ, ತಂದೆಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುವ ಮನೆಗಳೂ ಉಂಟು. ಅಂಥ ಮನೆಗೆ ಒಮ್ಮೆ ಕೊಡುವ ಚೆಕ್ಕಿಗಿಂತ, ಎಲ್ಲರನ್ನೂ ಕೂರಿಸಿ ಮಾತನಾಡಿಸುವ ಮಧ್ಯಸ್ಥರಿಂದ ಹೆಚ್ಚು ಉಪಯೋಗ.

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ 2007ರ ಕಾಯ್ದೆ ಇದಕ್ಕೆ ದಾರಿ ಮಾಡಿದೆ. ಇದರಲ್ಲಿ ‘ಜೀವನಾಂಶ’ ಎಂದರೆ ಊಟ, ಬಟ್ಟೆ, ವಸತಿ ಮಾತ್ರವಲ್ಲ, ವೈದ್ಯಕೀಯ ಚಿಕಿತ್ಸೆಯೂ ಸೇರಿದೆ. ಅರ್ಜಿ ಹೋಗುವುದು ಪ್ರಾಂತಾಧಿಕಾರಿಯ ದರ್ಜೆಯ (ಕರ್ನಾಟಕದಲ್ಲಿ ನಾವು ಎ.ಸಿ. ಎನ್ನುತ್ತೇವೆ) ಅಧಿಕಾರಿ ನಡೆಸುವ ನ್ಯಾಯಮಂಡಳಿಗೆ. ವಿಚಾರಣೆಗೆ ಮುನ್ನ ಮಂಡಳಿ ಅದನ್ನು ಸಂಧಾನಾಧಿಕಾರಿಗೆ ಒಪ್ಪಿಸಬಹುದು. ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು. ರಾಜಿಯಾದರೆ ಅದೇ ಆದೇಶವಾಗುತ್ತದೆ. ರಾಜಿಯಾಗದಿದ್ದರೆ ಮಂಡಳಿಯೇ ತಿಂಗಳಿಗೆ 10,000 ರೂ. ಮೀರದಂತೆ ಜೀವನಾಂಶ ಗೊತ್ತುಮಾಡಬಹುದು.

ನಮ್ಮಂಥ ವಲಸೆ ಕುಟುಂಬಗಳಿಗೆ ಮುಖ್ಯವಾದ ಎರಡು ಅಂಶಗಳಿವೆ. ಒಂದು, ತಾಯಿ ವಿಜಯಪುರದಲ್ಲಿದ್ದು ಮಗ ಹಡಪಸರದಲ್ಲಿದ್ದರೆ ಅರ್ಜಿಯನ್ನು ಎರಡರಲ್ಲಿ ಯಾವ ಜಿಲ್ಲೆಯಲ್ಲಾದರೂ ಹಾಕಬಹುದು. ಎರಡು, ಹಿರಿಯರಿಗೆ ಸ್ವತಃ ಸಾಧ್ಯವಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ನೋಂದಾಯಿತ ಸ್ವಯಂಸೇವಾ ಸಂಘ ಅವರ ಪರವಾಗಿ ಅರ್ಜಿ ಸಲ್ಲಿಸಬಹುದು. ಮಂಡಳಿಯ ತನಕ ಹೋಗಲು ಮನಸ್ಸಿಲ್ಲದವರು ಶಿವಾಜಿನಗರದ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಕೇಸು ಹಾಕುವ ಮೊದಲೇ ಮಧ್ಯಸ್ಥಿಕೆಗೆ ವಿಚಾರಿಸಬಹುದು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಉಚಿತ.

ಮಧ್ಯಸ್ಥರು ತೀರ್ಪು ಕೊಡುವುದಿಲ್ಲ, ಒಪ್ಪಂದ ಮನೆಯವರದೇ. ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಮಕ್ಕಳ ಎದುರು ಬಾಯಿ ಬಿಡದ ಹಿರಿಯರನ್ನು ಪ್ರತ್ಯೇಕವಾಗಿ ಮಾತನಾಡಿಸಬೇಕು. ಹೋಗುವಾಗ ವೈದ್ಯರ ಚೀಟಿ, ಖರ್ಚಿನ ಅಂದಾಜು, ಪಿಂಚಣಿ ಮತ್ತು ವಿಮೆಯ ವಿವರ ಒಯ್ಯಿರಿ. 70 ವರ್ಷ ತುಂಬಿದವರಿಗೆ ಆಯುಷ್ಮಾನ್ ಕಾರ್ಡಿನ ಸೌಲಭ್ಯವಿದೆ. ಅದನ್ನು ಕಳೆದು ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿದರೆ ಅರ್ಧ ಜಗಳ ಅಲ್ಲೇ ತಗ್ಗುತ್ತದೆ. ಹಣ ಕೊಡುವವರು ಯಾರು, ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ರಾತ್ರಿ ಜೊತೆಗಿರುವವರು ಯಾರು ಎಂಬುದನ್ನು ಹೆಸರು ಹಿಡಿದು ಬರೆಯಿಸಿ. ದೂರದ ಮಗ ಹಣ ಕೊಟ್ಟರೆ, ಹತ್ತಿರದ ಸೊಸೆಯ ದುಡಿಮೆಯೂ ಲೆಕ್ಕಕ್ಕೆ ಬರಬೇಕು.

ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಮಾತು ಬಂದರೆ ಅವಸರ ಬೇಡ. ಆರೈಕೆಯ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ ಪತ್ರ ರದ್ದುಮಾಡಿಸಲು ಕಾಯ್ದೆಯ 23ನೇ ಕಲಂ ಅವಕಾಶ ಕೊಡುತ್ತದೆ.

ಹೊಡೆತ, ಬೆದರಿಕೆ ಇರುವ ಮನೆಗೆ ಮಾತ್ರ ಸಂಧಾನ ಮೊದಲ ಮದ್ದಲ್ಲ. ಅಲ್ಲಿ ಮೊದಲು 112ಕ್ಕೆ ಕರೆ ಮಾಡಿ.

ಬಂಧುಗಳೇ, ರಾಜಿ ಮುಗಿಯುವವರೆಗೆ ಕಾಯಿಲೆ ಕಾಯುವುದಿಲ್ಲ. ಆ ನಡುವಿನ ಔಷಧ, ತಪಾಸಣೆಯ ಖರ್ಚಿಗೆ ನಿಧಿಯ ಆಸರೆ ಬೇಕು. ಕನ್ನಡವಷ್ಟೇ ಬಲ್ಲ ಅಜ್ಜ-ಅಜ್ಜಿಯರ ಜೊತೆ ಕಚೇರಿಗೆ ಹೋಗಿ, ಅವರ ಮಾತನ್ನು ಮರಾಠಿಯಲ್ಲಿ ತಿಳಿಸಬಲ್ಲ ಕಾರ್ಯಕರ್ತರೂ ಬೇಕು. ಹಣ ಕೊಡಬಲ್ಲವರು ಹಣ ಕೊಡಿ, ಸಮಯ ಕೊಡಬಲ್ಲವರು ಕಚೇರಿಯಲ್ಲಿ ಹೆಸರು ಬರೆಸಿ.