ಮಧ್ಯವರ್ತಿಯ ಹುಸಿ ಉತ್ತರ

ಅಂತರಜಾಲದಲ್ಲಿ ಪುಸ್ತಕವೊಂದನ್ನು ಕೊಳ್ಳಲು ಹೊರಟಿದ್ದೇವೆಂದು ಭಾವಿಸೋಣ. ‘ಹಣ ಪಾವತಿಸಿ’ ಎಂಬ ಗುಂಡಿಯನ್ನು ಒತ್ತಿದ್ದಾಯಿತು. ತೆರೆಯ ಮೇಲೆ ಚಕ್ರವೊಂದು ತಿರುಗುತ್ತಲೇ ಇದೆ, ಉತ್ತರವಿಲ್ಲ. ಹಣ ಸಂದಿತೋ ಇಲ್ಲವೋ? ಮತ್ತೊಮ್ಮೆ ಒತ್ತಿದರೆ ಎರಡು ಬಾರಿ ಹೋದೀತೆಂಬ ಭಯ. ಒತ್ತದಿದ್ದರೆ ಪುಸ್ತಕ ಬಾರದೆಂಬ ಚಿಂತೆ. ಇಂಥ ಸಂದಿಗ್ಧವನ್ನು ಮೊದಲೇ ಕೃತಕವಾಗಿ ಸೃಷ್ಟಿಸಿ, ಪುಟವು ಸರಿಯಾಗಿ ನಡೆದುಕೊಳ್ಳುವುದೇ ಎಂದು ನೋಡುವ ವಿಧಾನವೊಂದು ಉಂಟು. ಅದರಲ್ಲಿ ಮುಖ್ಯ ಪಾತ್ರ ಪ್ರಾಕ್ಸಿ ಎಂಬ ಮಧ್ಯವರ್ತಿಯದು.

ಕೋರಿಕೆ ಮತ್ತು ಉತ್ತರ

ಬ್ರೌಸರು ಒಂದು ಪುಟವನ್ನು ತೋರಿಸಬೇಕಾದರೆ ದೂರದ ಸರ್ವರಿಗೆ ಕೋರಿಕೆಗಳನ್ನು ಕಳುಹಿಸುತ್ತದೆ. ಸರ್ವರು ಒಂದೊಂದಕ್ಕೂ ಉತ್ತರವೀಯುತ್ತದೆ. ಈ ಸಂಭಾಷಣೆಯ ನಿಯಮಾವಳಿಗೆ ಎಚ್‌ಟಿಟಿಪಿ ಎಂದು ಹೆಸರು. ಉತ್ತರದ ಆರಂಭದಲ್ಲಿ ಮೂರಂಕಿಯ ಸಂಖ್ಯೆಯೊಂದಿರುತ್ತದೆ. 200 ಎಂದರೆ ಕೆಲಸ ಸಾಂಗವಾಯಿತು; 404 ಎಂದರೆ ಕೇಳಿದ ವಸ್ತು ಸಿಕ್ಕಲಿಲ್ಲ; 503 ಎಂದರೆ ಸದ್ಯಕ್ಕೆ ಸೇವೆ ದೊರೆಯದು. ಒಳ್ಳೆಯ ಪುಟವು 200ಕ್ಕೆ ಮಾತ್ರವಲ್ಲ, ಉಳಿದ ಸಂಖ್ಯೆಗಳಿಗೂ, ಉತ್ತರವೇ ಬಾರದ ಮೌನಕ್ಕೂ ಸಿದ್ಧವಾಗಿರಬೇಕು.

ಇದನ್ನು ಪರೀಕ್ಷಿಸುವುದು ಹೇಗೆ? ನಿಜವಾದ ಸರ್ವರು ನಾವು ಬಯಸಿದಾಗ ಕೆಡುವುದಿಲ್ಲ, ಬಯಸದಿದ್ದಾಗ ಕೆಡುತ್ತದೆ. ಪ್ರತಿಯೊಂದು ಪರೀಕ್ಷೆಗೂ ನಿಜವಾದ ಹಣವನ್ನು ತೆರುವುದಂತೂ ಆಗದ ಮಾತು. ನಾಟಕದ ತಾಲೀಮಿಗೆ ಪಾತ್ರಧಾರಿ ಬಾರದಿದ್ದರೆ ಬೇರೊಬ್ಬನು ಅವನ ಮಾತುಗಳನ್ನು ಓದಿ ಆಟ ಸಾಗಿಸುವುದುಂಟಲ್ಲವೆ? ಇಲ್ಲಿಯೂ ಅಂಥದೇ ಬದಲಿ ಬೇಕು.

ಪ್ರಾಕ್ಸಿಯ ಕೆಲಸ

‘ಪ್ರಾಕ್ಸಿ’ ಎಂಬ ಮಾತು ಕಾಲೇಜು ವಿದ್ಯಾರ್ಥಿಗಳಿಗೆ ಹೊಸತಲ್ಲ. ತರಗತಿಗೆ ಬಾರದ ಗೆಳೆಯನ ಪರವಾಗಿ ಹಾಜರಿ ಹೇಳುವುದಕ್ಕೆ ಅದೇ ಹೆಸರು. ಜಾಲದಲ್ಲಿ ಪ್ರಾಕ್ಸಿಯೆಂದರೆ ಬ್ರೌಸರಿಗೂ ಸರ್ವರಿಗೂ ನಡುವೆ ನಿಂತು ಮಾತನ್ನು ಮುಟ್ಟಿಸುವ ತಂತ್ರಾಂಶ. 1990ರ ದಶಕದ ಮೊದಲ ಭಾಗದಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಸರ್ವರ್ ತಂತ್ರಾಂಶಕ್ಕೆ ಈ ಸಾಮರ್ಥ್ಯ ಬಂದಿತು. ಭದ್ರತೆಗಾಗಿ ಹೊರಜಾಲದಿಂದ ಬೇರ್ಪಟ್ಟಿದ್ದ ಕಚೇರಿಗಳವರು ಪ್ರಾಕ್ಸಿಯ ಮೂಲಕ ಹೊರಗಿನ ಪುಟಗಳನ್ನು ತರಿಸಿಕೊಳ್ಳುತ್ತಿದ್ದರು. ಮಾತನ್ನು ಮುಟ್ಟಿಸುವವನು ಅದನ್ನು ಬದಲಿಸಲೂ ಬಲ್ಲನು. ಪರೀಕ್ಷಕರು ಬಳಸಿಕೊಂಡುದು ಈ ಗುಣವನ್ನೇ. 2010ರಲ್ಲಿ ಆಲ್ಡೊ ಕೊರ್ಟೆಸಿ ಆರಂಭಿಸಿದ ಎಂಐಟಿಎಂಪ್ರಾಕ್ಸಿ ಇಂಥ ಉಪಕರಣಗಳಲ್ಲೊಂದು.

ಪರೀಕ್ಷೆಯ ಬ್ರೌಸರಿಗೆ, ಕೋರಿಕೆಗಳನ್ನೆಲ್ಲ 127.0.0.1 ಎಂಬ ವಿಳಾಸದ 8080ನೆಯ ಪೋರ್ಟಿಗೆ ಕಳುಹಿಸಬೇಕೆಂದು ತಿಳಿಸುತ್ತೇವೆ. ಆ ವಿಳಾಸ ನಮ್ಮ ಕಂಪ್ಯೂಟರಿನದೇ. ಅಲ್ಲಿ ಪ್ರಾಕ್ಸಿ ಕಾದಿರುತ್ತದೆ. ನಾವು ಗುರುತಿಸಿಟ್ಟ ಕೋರಿಕೆ ಬಂದರೆ ಅದು ತಾನೇ ಹುಸಿ ಉತ್ತರವನ್ನು ಕೊಡುತ್ತದೆ. ಉಳಿದವನ್ನು ಮುಂದಕ್ಕೆ ಸಾಗಿಸುತ್ತದೆ. ಬ್ರೌಸರಿಗೆ ಈ ವ್ಯತ್ಯಾಸ ತಿಳಿಯದು.

ಆದರೆ ಇಂದಿನ ಸಂಭಾಷಣೆ ಬಹುಮಟ್ಟಿಗೆ ಗೂಢಲಿಪಿಯಲ್ಲಿ ನಡೆಯುತ್ತದೆ. ನಡುವೆ ನಿಂತವರಿಗೆ ಅರ್ಥವಾಗಕೂಡದೆಂಬುದೇ ಅದರ ಉದ್ದೇಶ. ಆದುದರಿಂದ ಪ್ರಾಕ್ಸಿಯ ಪ್ರಮಾಣಪತ್ರವನ್ನು ನಂಬುವಂತೆ ಬ್ರೌಸರಿಗೆ ಮೊದಲೇ ಹೇಳಬೇಕಾಗುತ್ತದೆ. ಈ ನಂಬಿಕೆ ಪರೀಕ್ಷೆಯ ಬ್ರೌಸರಿಗಷ್ಟೇ ಮೀಸಲಾಗಿರಬೇಕು. ದಿನಬಳಕೆಯ ಬ್ರೌಸರಿಗೆ ಅದನ್ನು ಕೊಟ್ಟು, ಪ್ರಾಕ್ಸಿಯ ಗುಪ್ತ ಕೀಲಿ ಅನ್ಯರ ಕೈಸೇರಿದರೆ, ನಮ್ಮ ಗುಟ್ಟುಗಳೆಲ್ಲ ಬಯಲಾಗುವ ಅಪಾಯವುಂಟು.

ಎರಡು ಮೌನಗಳು

ಇನ್ನು ನಮ್ಮ ಪುಸ್ತಕದ ಪುಟವನ್ನು ಪರೀಕ್ಷಿಸೋಣ. ಮೊದಲನೆಯ ಪ್ರಯೋಗದಲ್ಲಿ ಪ್ರಾಕ್ಸಿ ಹಣದ ಕೋರಿಕೆಯನ್ನು ತನ್ನಲ್ಲೇ ತಡೆಹಿಡಿಯುತ್ತದೆ. ಎರಡನೆಯದರಲ್ಲಿ ಕೋರಿಕೆಯನ್ನು ಪರೀಕ್ಷೆಗೆಂದೇ ಇಟ್ಟ ಸರ್ವರಿಗೆ ಮುಟ್ಟಿಸಿ, ಹಿಂದಿರುಗಿದ ಉತ್ತರವನ್ನು ಮಾತ್ರ ನಾಶಮಾಡುತ್ತದೆ. ಮೊದಲನೆಯದರಲ್ಲಿ ಹಣ ಸಂದಿಲ್ಲ. ಎರಡನೆಯದರಲ್ಲಿ ಲೆಕ್ಕಕ್ಕೆ ಸೇರಿದೆ. ಆದರೆ ಬ್ರೌಸರಿಗೆ ಎರಡೂ ಒಂದೇ ಬಗೆಯ ಮೌನ! ‘ಹಣ ಹೋಗಿಲ್ಲ, ಮತ್ತೆ ಪ್ರಯತ್ನಿಸಿ’ ಎಂದು ಪುಟವು ಘೋಷಿಸಿದರೆ, ಎರಡನೆಯ ಪ್ರಯೋಗದಲ್ಲಿ ಅದು ಸುಳ್ಳಾಡಿದಂತಾಯಿತು.

ಇದಕ್ಕೆ ಪರಿಹಾರವಿದೆ. ಪುಟವು ಪ್ರತಿಯೊಂದು ಖರೀದಿಗೂ ಬೇರೊಂದಕ್ಕಿಲ್ಲದ ಗುರುತು ಸಂಖ್ಯೆಯನ್ನು ಕೊಟ್ಟು, ಗುಂಡಿಯನ್ನು ಮತ್ತೆ ಒತ್ತಿದಾಗಲೂ ಅದನ್ನೇ ಕಳುಹಿಸತಕ್ಕದ್ದು. ಅದೇ ಸಂಖ್ಯೆಯನ್ನು ಮತ್ತೆ ಕಂಡ ಸರ್ವರು ಎರಡನೆಯ ಬಾರಿ ಹಣ ಪಡೆಯದೆ ಹಿಂದಿನ ಉತ್ತರವನ್ನೇ ಪುನಃ ಹೇಳುತ್ತದೆ. ಎರಡು ಬಾರಿ ಒತ್ತಿದಾಗಲೂ ಒಂದೇ ಸಂಖ್ಯೆ ಹೊರಟಿತೇ ಎಂಬುದು ಪ್ರಾಕ್ಸಿಯ ದಾಖಲೆಯಿಂದ ತಿಳಿಯುತ್ತದೆ.

ಹುಸಿಯ ಮಿತಿ

2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್‌ನಂಥ ಉಪಕರಣಗಳು ತಾವು ನಡೆಸುವ ಬ್ರೌಸರಿನ ಕೋರಿಕೆಗಳನ್ನು ಪ್ರತ್ಯೇಕ ಪ್ರಾಕ್ಸಿಯಿಲ್ಲದೆ ತಡೆದು ಹುಸಿ ಉತ್ತರ ಕೊಡಬಲ್ಲವು. ಹೊರಗೆ ನಿಲ್ಲುವ ಪ್ರಾಕ್ಸಿಗಾದರೋ ಯಾವ ಬ್ರೌಸರಾದರೂ ಸರಿಯೆ.

ವಿಧಾನ ಯಾವುದೇ ಇರಲಿ, ಎಚ್ಚರಿಕೆಯೊಂದು ಅಗತ್ಯ. ಹುಸಿ ಉತ್ತರವನ್ನು ಬರೆದವರು ನಾವೇ. ನಿಜವಾದ ಸರ್ವರಿನಲ್ಲಿ ಬೆಲೆಯನ್ನು ರೂಪಾಯಿಯ ಬದಲು ಪೈಸೆಯಲ್ಲಿ ಕೊಡುವ ಪದ್ಧತಿ ಬಂದರೂ ಪ್ರಾಕ್ಸಿ ಹಳೆಯ ಪಾಠವನ್ನೇ ಒಪ್ಪಿಸುತ್ತಿರುತ್ತದೆ. ಪರೀಕ್ಷೆಗಳೆಲ್ಲ ತೇರ್ಗಡೆಯಾಗುತ್ತವೆ, ಪುಟ ಮಾತ್ರ ನೂರು ರೂಪಾಯಿಯ ಪುಸ್ತಕಕ್ಕೆ ಹತ್ತು ಸಾವಿರ ಬೆಲೆ ತೋರಿಸುತ್ತದೆ. ಆದುದರಿಂದ ಹುಸಿ ಉತ್ತರಗಳನ್ನು ಆಗಾಗ ನಿಜವಾದವುಗಳೊಡನೆ ಹೋಲಿಸಿ ತಿದ್ದಬೇಕು. ಕೆಲವು ಪರೀಕ್ಷೆಗಳನ್ನಾದರೂ ನಿಜವಾದ ಸರ್ವರಿನೊಡನೆ ನಡೆಸಬೇಕು. ತಾಲೀಮು ಎಷ್ಟೇ ಚೆನ್ನಾಗಿ ನಡೆದಿರಲಿ, ರಂಗಕ್ಕೇರುವ ಮೊದಲು ನಿಜವಾದ ಪಾತ್ರಧಾರಿಯೊಡನೆ ಒಮ್ಮೆ ಆಡಿ ನೋಡಲೇಬೇಕಷ್ಟೆ.